ಒಡೆದ ಪ್ಲಾಸ್ಟರ್ ಸ್ಟೇಷನ್‌ಗೆ ನಾಲ್ಕು ಅಂಟು ಹಾಕಿ ನೋಡಿದೆ

ಮಾಡೆಲ್ ರೈಲಿನ ಹಲಗೆ ಎತ್ತಿ ವೈರ್ ಸರಿ ಮಾಡುತ್ತಿದ್ದಾಗ ಸ್ಟೇಷನ್ ಕಟ್ಟಡ ಜಾರಿ ನೆಲಕ್ಕೆ ಬಿತ್ತು. ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ನಾನೇ ಎರಕ ಹೊಯ್ದದ್ದು. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಸ್ಟೇಷನ್‌ಗಳನ್ನು ನೆನೆದು ಮಾಡಿದ ಪುಟ್ಟ ಕಟ್ಟಡ. ಎಚ್‌ಒ ಅಳತೆ, ಅಂದರೆ ನಿಜದ 87ರಲ್ಲಿ ಒಂದು ಪಾಲು. ಪಕ್ಕದ ಗೋಡೆ ಮೂರು ಚೂರಾಗಿತ್ತು, ಕಮಾನಿನ ಒಂದು ಕಂಬ ಎರಡು ತುಂಡಾಗಿತ್ತು. ಆ ಗೋಡೆಯ ಕಿಟಕಿ ಕೆತ್ತಲು ಎರಡು ಸಂಜೆ ಕೂತಿದ್ದೆ. ಹೊಟ್ಟೆ ಉರಿಯಿತು.

ತಕ್ಷಣ ಅಂಟಿಸಲು ಹೋಗಲಿಲ್ಲ. ಸರಿ ಬರದ ಎರಕದ ಗೋಡೆಗಳು ಡಬ್ಬಿಯಲ್ಲಿ ಬಿದ್ದಿದ್ದವು. ಅವನ್ನು ಬೇಕಂತಲೇ ಮುರಿದು, ಒಂದೊಂದಕ್ಕೆ ಒಂದೊಂದು ಅಂಟು ಹಾಕಿದೆ. ಒಂದು ವಾರ ಬಿಟ್ಟು ಕೈಯಲ್ಲಿ ಮತ್ತೆ ಮುರಿದು ನೋಡಿದೆ.

ಒಣ ಪ್ಲಾಸ್ಟರ್ ಬೇಸಿಗೆಯ ನೆಲದ ಹಾಗೆ, ಏನು ಹಾಕಿದರೂ ಕುಡಿಯುತ್ತದೆ. ತೆಳು ಸೂಪರ್ ಗ್ಲೂ ಹನಿ ಬಿದ್ದ ಕೂಡಲೇ ಇಂಗಿಹೋಯಿತು. ಅಂಚಿನ ಮೇಲೆ ಏನೂ ಉಳಿಯಲಿಲ್ಲ. ಜೆಲ್ ಥರದ್ದು ನಿಂತಿತು, ಬೇಗ ಹಿಡಿಯಿತು. ಆದರೆ ತುಂಡು ಕೂತ ಮೇಲೆ ಒಂದು ಕೂದಲೆಳೆಯಷ್ಟೂ ಸರಿಸಲು ಆಗಲ್ಲ. ನಿಜವಾದ ತೊಂದರೆ ಗೊತ್ತಾದದ್ದು ಬಣ್ಣ ಹಚ್ಚಿದಾಗ. ನೀರಾಗಿ ಕಲಸಿದ ಕಂದು ಬಣ್ಣವನ್ನು ಗೋಡೆಯೆಲ್ಲ ಕುಡಿಯಿತು. ಅಂಟು ಇಂಗಿದ ಜಾಗ ಮಾತ್ರ ಕುಡಿಯದೆ, ಬಸವನಹುಳ ಹರಿದ ಹಾದಿಯ ಹಾಗೆ ಹೊಳೆಯುತ್ತಾ ಉಳಿಯಿತು.

ಗಟ್ಟಿತನ ಒಂದೇ ಬೇಕೆಂದರೆ ಎರಡು ಟ್ಯೂಬಿನ ಎಪಾಕ್ಸಿಯನ್ನು ಯಾವುದೂ ಮೀರಿಸಲ್ಲ. ಬಗ್ಗಿಸಿದಾಗ ಜೋಡಣೆ ಹಾಗೇ ನಿಂತು ಪಕ್ಕದ ಪ್ಲಾಸ್ಟರೇ ಮುರಿಯಿತು. ಆದರೆ ಹೊರಗೆ ಉಕ್ಕಿದ ಎಪಾಕ್ಸಿ ಪ್ಲಾಸ್ಟರ್‌ಗಿಂತ ಗಟ್ಟಿ. ಮರಳು ಕಾಗದದಲ್ಲಿ ಉಜ್ಜಿದರೆ ಎರಡೂ ಕಡೆ ಪ್ಲಾಸ್ಟರ್ ಸವೆದು, ನಡುವೆ ಏಣು ಎದ್ದು ನಿಲ್ಲುತ್ತದೆ. ಅರ್ಧ ಮಿಲಿಮೀಟರ್ ಏಣು ಅಂದರೆ ನಿಜದ ಗೋಡೆಯಲ್ಲಿ 4 ಸೆಂಟಿಮೀಟರ್‌ಗೂ ಜಾಸ್ತಿ. ಕಣ್ಣಿಗೆ ಬೀಳದೇ ಇರುತ್ತಾ?

ಪ್ಲಾಸ್ಟರ್‌ಗೆ ಪ್ಲಾಸ್ಟರೇ ಸರಿ ಅಲ್ವಾ ಅಂದುಕೊಂಡು ಅದನ್ನೂ ಹಚ್ಚಿದೆ. ಒಣ ಅಂಚು ಹೊಸ ಪ್ಲಾಸ್ಟರ್‌ನ ನೀರನ್ನೆಲ್ಲ ಎಳೆದುಕೊಂಡಿತು. ಗಟ್ಟಿಯಾಗಲು ನೀರೇ ಸಿಗದೆ ಅದು ಪುಡಿಪುಡಿಯಾಯಿತು. ಅಂಚು ನೆನೆಸಿ ಹಚ್ಚಿದಾಗ ಪರವಾಗಿಲ್ಲ, ಆದರೂ ಅಂಟಾಗಿ ಅದು ಸಾಲದು. ಸಂದು ತುಂಬಲು ಮಾತ್ರ ಇದೇ ಬೇಕು.

ನನಗೆ ಒಪ್ಪಿದ್ದು ಫೆವಿಕಾಲ್. ಬ್ರಷ್‌ನಿಂದ ಎರಡೂ ಅಂಚು ಒದ್ದೆ ಮಾಡಿ, ತೆಳುವಾಗಿ ಸವರಿ, ರಬ್ಬರ್ ಬ್ಯಾಂಡ್ ಹಾಕಿ ರಾತ್ರಿಯೆಲ್ಲ ಬಿಡಬೇಕು. ಕೂರಿಸಿದ ಮೇಲೂ ಸರಿಪಡಿಸಲು ಸಮಯ ಕೊಡುತ್ತದೆ. ಉಕ್ಕಿದ್ದನ್ನು ಹಸಿಯಿದ್ದಾಗಲೇ ಒದ್ದೆ ಹತ್ತಿಯಲ್ಲಿ ಒರೆಸಿಬಿಡಬಹುದು. ಮುರಿದಾಗ ಅರ್ಧ ಜೋಡಣೆಯಲ್ಲಿ, ಅರ್ಧ ಪಕ್ಕದ ಪ್ಲಾಸ್ಟರ್‌ನಲ್ಲಿ ಮುರಿಯಿತು. ಭಾರ ಹೊರದ ಗೋಡೆಗೆ ಇಷ್ಟು ಬಲ ಸಾಕು. ನೀರು ಬಿದ್ದರೆ ಮೆತ್ತಗಾಗುತ್ತದೆ, ಅದೊಂದು ಎಚ್ಚರ ಬೇಕು. ಹಳಿಗೆ ಜಲ್ಲಿ ಹಾಕಿ ನೀರು ಸಿಂಪಡಿಸುವಾಗ ಕಟ್ಟಡ ತೆಗೆದಿಡುವುದು ಒಳ್ಳೆಯದು.

ಹಾಗಾಗಿ ಗೋಡೆಗೆ ಫೆವಿಕಾಲ್ ಹಾಕಿದೆ. ಕಂಬ ಮಾತ್ರ ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪ, ಬರೀ ಅಂಟು ನಂಬಲು ಧೈರ್ಯ ಬರಲಿಲ್ಲ. ಎರಡೂ ತುಂಡಿಗೆ ಕೈಯಲ್ಲೇ ಡ್ರಿಲ್ ತಿರುಗಿಸಿ 1 ಮಿಲಿಮೀಟರ್ ತೂತು ಮಾಡಿದೆ. ಒಳಗೆ ಹಿತ್ತಾಳೆ ತಂತಿ, ತೂತಿನೊಳಗಷ್ಟೇ ಎಪಾಕ್ಸಿ. ಚಕ್ಕೆ ಎದ್ದ ಕಡೆ ಎರಡು ಹನಿ ಫೆವಿಕಾಲ್ ಸೇರಿಸಿದ ಪ್ಲಾಸ್ಟರ್ ತುಂಬಿದೆ.

ಕಿಟಕಿ ಪಕ್ಕ ಒಂದು ಗೆರೆ ಓರೆ ಬೆಳಕಿನಲ್ಲಿ ಇನ್ನೂ ಕಾಣುತ್ತಿತ್ತು. ಅದರ ಮೇಲೆ ತಂತಿಯಲ್ಲಿ ಮಳೆನೀರಿನ ಪೈಪ್ ಮಾಡಿ ಇಳಿಬಿಟ್ಟೆ. ಘಾಟಿಯ ಸ್ಟೇಷನ್‌ಗೆ ಅದು ಮೊದಲೇ ಇರಬೇಕಿತ್ತು.