ಒಳಾಂಗಣ ಈಜುಕೊಳದ ಫೋಟೊ: ನಾನು ಬಳಸಿದ ಲೆನ್ಸುಗಳು, ನಿಂತ ಜಾಗಗಳು

ನಾವಿರುವುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ಮಗಳು ಇಲ್ಲಿನ ಒಂದು ಕ್ಲಬ್ಬಿನಲ್ಲಿ ಈಜುತ್ತಾಳೆ. ಚಳಿಗಾಲದ ಸ್ಪರ್ಧೆಗಳೆಲ್ಲ 25 ಗಜದ ಒಳಾಂಗಣ ಕೊಳಗಳಲ್ಲಿ. ಯಾವ ಕ್ಯಾಮೆರಾ ತಗೊಳ್ಳಬೇಕು ಅಂತ ಬೇರೆ ಅಪ್ಪ-ಅಮ್ಮಂದಿರು ಕೇಳುತ್ತಲೇ ಇರುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ನಿಮ್ಮನ್ನು ಎಲ್ಲಿ ನಿಲ್ಲಲು ಬಿಡುತ್ತಾರೆ? ಅದು ಗೊತ್ತಾದರೆ ಲೆನ್ಸ್ ಯಾವುದು ಅಂತ ಹೇಳಬಹುದು. ಬಾಡಿಯ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದ) ಮಾತು ಕೊನೆಗೆ.

ಎಲ್ಲರಿಗೂ ಸಿಗುವ ಜಾಗ ಗ್ಯಾಲರಿ. ಅದನ್ನು ಹಗುರವಾಗಿ ನೋಡಬೇಡಿ. ಬ್ಯಾಕ್ ಸ್ಟ್ರೋಕ್‌ಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಈಜುವವರ ಮುಖ ಚಾವಣಿ ಕಡೆಗಿರುತ್ತದೆ, ಹಾಗಾಗಿ ಮೇಲಿಂದ ಪೂರ್ತಿ ಕಾಣುತ್ತದೆ. ಅದೇ ಡೆಕ್ಕಿನ (ಕೊಳದ ಅಂಚಿನ ನೆಲದ) ಮಟ್ಟದಿಂದ ನೋಡಿದರೆ ಗಾಗಲ್ಸ್ ಮತ್ತು ಮೂಗಿನ ತುದಿ, ಅಷ್ಟೇ. ಇನ್ನೊಂದು ಲಾಭ ಹಿನ್ನೆಲೆ. ಮೇಲಿಂದ ತೆಗೆದರೆ ಸುತ್ತ ನೀಲಿ ನೀರು ಬಿಟ್ಟು ಬೇರೇನೂ ಬರುವುದಿಲ್ಲ. ಡೆಕ್ಕಿನ ಬದಿಯಿಂದ ತೆಗೆದರೆ ಎದುರು ಬದಿಯ ಟವೆಲ್, ಬ್ಯಾಗು, ಕುರ್ಚಿ, ಯಾರದೋ ಕಾಲು ಎಲ್ಲ ಬರುತ್ತವೆ. ಆದರೆ ಬಟರ್‌ಫ್ಲೈ, ಬ್ರೆಸ್ಟ್ ಸ್ಟ್ರೋಕ್‌ಗೆ ಗ್ಯಾಲರಿ ದಂಡ. ಸಿಗುವುದು ಟೋಪಿಯ ನೆತ್ತಿ. ಗ್ಯಾಲರಿಯಲ್ಲೇ ಇರಬೇಕಾದರೆ ಬೇಗ ಹೋಗಿ ಮೊದಲ ಸಾಲು ಹಿಡಿಯಿರಿ. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಬಹಳ ವ್ಯತ್ಯಾಸ ಇದೆ.

ಡೆಕ್ಕಿಗೆ ಇಳಿಯಲು ಸ್ಪರ್ಧೆ ನಡೆಸುವ ಮೀಟ್ ಡೈರೆಕ್ಟರ್ ಅನುಮತಿ ಬೇಕು. ಮೊದಲೇ ಕೇಳಿಟ್ಟುಕೊಳ್ಳಿ. ಯುಎಸ್‌ಎ ಸ್ವಿಮ್ಮಿಂಗ್ (ಇಲ್ಲಿನ ರಾಷ್ಟ್ರೀಯ ಈಜು ಸಂಸ್ಥೆ) ನಿಯಮದ ಪ್ರಕಾರ, ಈಜುವವರು ನೀರಿಗೆ ಹಾರುವ ಸ್ಟಾರ್ಟಿಂಗ್ ಬ್ಲಾಕ್‌ಗಳ ಹಿಂದೆ ಯಾರೂ ಕ್ಯಾಮೆರಾ, ಫೋನು ಹಿಡಿಯುವಂತಿಲ್ಲ. ಚಿಕ್ಕ ಮಕ್ಕಳು ಈಜುಡುಗೆಯಲ್ಲಿ ಇರುವ ಜಾಗ, ನಿಯಮ ಸರಿಯಾಗಿಯೇ ಇದೆ. ಹಾಗಾಗಿ ಉಳಿಯುವುದು ಎರಡು ಕಡೆ: ಕೊಳದ ಉದ್ದದ ಬದಿ, ಮತ್ತೆ ಬ್ಲಾಕ್‌ಗಳ ಎದುರಿನ ತುದಿ.

ಉದ್ದದ ಬದಿ ಫ್ರೀಸ್ಟೈಲ್‌ನ ಜಾಗ. ಆದರೆ ನಿಮ್ಮ ಮಗು ಯಾವ ಕಡೆ ತಿರುಗಿ ಉಸಿರು ತೆಗೆದುಕೊಳ್ಳುತ್ತದೆ ಅಂತ ಗೊತ್ತಿರಬೇಕು. ನಮ್ಮವಳು ಬಲಕ್ಕೆ ಮಾತ್ರ. ಅಂದರೆ ಹೋಗುವಾಗ ಒಂದು ಬದಿಯವರಿಗೆ ಮುಖ ಕಂಡರೆ, ಬರುವಾಗ ಇನ್ನೊಂದು ಬದಿಯವರಿಗೆ. 50 ಗಜದ ಓಟದಲ್ಲಿ ಒಳ್ಳೆ ಈಜುಗಾರರು ಒಂದೆರಡು ಸಲ ಉಸಿರು ತೆಗೆದರೆ ಹೆಚ್ಚು. ಅದರಲ್ಲಿ ಒಂದು ಚೆನ್ನಾಗಿ ಬಂದರೆ ಖುಷಿಪಡಿ. ಕ್ಯಾಮೆರಾ ನೀರಿನ ಮಟ್ಟಕ್ಕೆ ಇಳಿಸಿದಷ್ಟೂ ಚಿತ್ರಕ್ಕೆ ಜೀವ ಬರುತ್ತದೆ, ನಿಜ. ಆದರೆ ನೆಲಕ್ಕೆ ಕೂತರೆ ಲೇನ್ ಹಗ್ಗದ ಬಿಲ್ಲೆಗಳು ಅಡ್ಡ ಬರುತ್ತವೆ. ಮೊದಲ ಎರಡು ಲೇನ್ ಚೆನ್ನಾಗಿ ಸಿಗುತ್ತವೆ, ಆಮೇಲಿನವರ ಮುಖ ಹಗ್ಗದ ಹಿಂದೆ. ಒಂದು ಹೀಟ್‌ನಲ್ಲಿ (ಒಟ್ಟಿಗೆ ಈಜುವ ಒಂದು ಗುಂಪಿನಲ್ಲಿ) ವೇಗದವರಿಗೆ ಕೊಡುವುದು ನಡುವಿನ ಲೇನು, ಅಲ್ವಾ? ಮಗಳು ವೇಗವಾದಷ್ಟೂ ಅವಳ ಅಪ್ಪನಿಗೆ ಕಷ್ಟ. ನಾಲ್ಕನೇ ಲೇನ್ ಆದರೆ ನಾನು ಎದ್ದು ನಿಂತುಬಿಡುತ್ತೇನೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಎದುರಿನ ತುದಿ. ಬಟರ್‌ಫ್ಲೈ, ಬ್ರೆಸ್ಟ್ ಸ್ಟ್ರೋಕ್ ಎರಡರಲ್ಲೂ ಈಜುವವರು ನೇರ ನಿಮ್ಮ ಕಡೆಗೇ ಬರುತ್ತಾರೆ. ತಲೆ ಏಳುವುದು, ಬಾಯಿ ತೆರೆಯುವುದು, ಎರಡೂ ತೋಳು ಚಾಚುವುದು ಎಲ್ಲ ಎದುರಿಗೇ. ಟರ್ನ್ ನೋಡುವ ತೀರ್ಪುಗಾರರು ಅಲ್ಲೇ ಓಡಾಡುತ್ತಿರುತ್ತಾರೆ, ಅವರಿಗೆ ಅಡ್ಡ ಬರದಂತೆ ಮೂಲೆ ಹಿಡಿಯಬೇಕು. 100 ಗಜದ ಓಟದಲ್ಲಿ ಕೊಳದ ನಾಲ್ಕು ಉದ್ದ, ಅದರಲ್ಲಿ ಮೊದಲನೆಯದು ಮತ್ತು ಮೂರನೆಯದು ನಿಮ್ಮವು. ಮುಗಿಯುವುದು ಆ ಕಡೆ ಗೋಡೆಯಲ್ಲಿ, ಹಾಗಾಗಿ ಗೋಡೆ ಮುಟ್ಟುವ ಚಿತ್ರ ಸಿಗುವುದಿಲ್ಲ ಅನ್ನಿಸಬಹುದು. ಸ್ಕೋರ್‌ಬೋರ್ಡ್ ಎಲ್ಲಿದೆ ನೋಡಿ. ನಾವು ಹೆಚ್ಚಾಗಿ ಹೋಗುವ ಕೊಳದಲ್ಲಿ ಅದು ಈ ತುದಿಯ ಗೋಡೆಯ ಮೇಲಿದೆ. ಗೋಡೆ ಮುಟ್ಟಿದ ತಕ್ಷಣ ಎಲ್ಲರೂ ತಿರುಗಿ ಈ ಕಡೆ ನೋಡುತ್ತಾರೆ. ಟೈಮ್ ಕಂಡಾಗಿನ ಮುಖ ಇದೆಯಲ್ಲ, ಆ ಫೋಟೊಗಳನ್ನೇ ಬೇರೆ ಪೋಷಕರೂ ಕೇಳಿ ಪಡೆಯುವುದು.

ಇನ್ನು ಲೆನ್ಸ್. ನನ್ನ ಬಾಡಿ ಕ್ಯಾನನ್ ಆರ್7. ಅದರ ಮೇಲೆ ಅಡಾಪ್ಟರ್ ಹಾಕಿ ಮೂರು ಹಳೆ ಲೆನ್ಸ್ ಬಳಸಿದ್ದೇನೆ: 55-250 ಎಫ್/4-5.6, 70-200 ಎಫ್/2.8, ಮತ್ತು 85 ಎಂಎಂ ಎಫ್/1.8. ಎಂಎಂ ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ, ಎಫ್ ಸಂಖ್ಯೆ ಚಿಕ್ಕದಾದಷ್ಟೂ ಹೆಚ್ಚು ಬೆಳಕು ಒಳಗೆ ಬರುತ್ತದೆ.

ಲೆಕ್ಕ ಸರಳ. ನೀರಿನ ಹನಿ ಹನಿಯಾಗಿ ಕಾಣಬೇಕಾದರೆ ಶಟರ್ ಸ್ಪೀಡ್ 1/1000 ಸೆಕೆಂಡ್ ಬೇಕು. ಬೆಳಕು ಸಾಲದಿದ್ದರೆ ಐಎಸ್‌ಒ (ಸೆನ್ಸರ್‌ನ ಸಂವೇದನೆ) ಏರಿಸಬೇಕು, ಏರಿಸಿದಷ್ಟೂ ಚಿತ್ರ ರವೆಯಾಗುತ್ತದೆ. ಎಫ್/2.8ರಲ್ಲಿ ಅದಕ್ಕೆ ಐಎಸ್‌ಒ 3200 ಸಾಕಾಗುವ ಬೆಳಕಿದೆ ಅಂದುಕೊಳ್ಳಿ. ಅದೇ ಬೆಳಕಿಗೆ ಎಫ್/5.6ರಲ್ಲಿ 12800 ಬೇಕು, ಎಫ್/1.8ರಲ್ಲಿ ಸುಮಾರು 1250 ಸಾಕು. 55-250 ಬಹಳ ಹಗುರ, ಅಗ್ಗ, ಬಿಸಿಲಲ್ಲಿ ಚೆನ್ನಾಗಿಯೇ ಇದೆ. ಬೆಂಗಳೂರಿನ ಬಸವನಗುಡಿ ಅಕ್ವಾಟಿಕ್ ಸೆಂಟರ್ ಥರದ ತೆರೆದ ಕೊಳದಲ್ಲಿ ಹಗಲು ಹೊತ್ತು ತೆಗೆಯುವವರು ಅದರಲ್ಲೇ ಸಂತೋಷವಾಗಿರಬಹುದು, ಸುಮ್ನೆ ದುಡ್ಡು ಸುರಿಯಬೇಡಿ. ಚಾವಣಿಯ ಕೆಳಗೆ ಮಾತ್ರ ಅದರ ಫೋಟೊಗಳಲ್ಲಿ ಚರ್ಮವೆಲ್ಲ ರವೆ ರವೆ.

ಉಳಿದ ಎರಡರ ನಡುವೆ ನಿಜವಾದ ಪೈಪೋಟಿ. 70-200 ಸುಮಾರು ಒಂದೂವರೆ ಕೆಜಿ. ನಾಲ್ಕು ಗಂಟೆಯ ಸೆಷನ್ ಮುಗಿಯುವ ಹೊತ್ತಿಗೆ ಮಣಿಕಟ್ಟು ಬಿದ್ದುಹೋಗುತ್ತದೆ, ಮಾನೊಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ಇರಲೇಬೇಕು. ಆದರೆ ಗ್ಯಾಲರಿಯಿಂದ ಅದಕ್ಕೆ ಎದುರಿಲ್ಲ. 85 ಅರ್ಧ ಕೆಜಿಯೂ ಇಲ್ಲ, ಸೆಕೆಂಡ್ ಹ್ಯಾಂಡ್‌ನಲ್ಲಿ ಕಡಿಮೆಗೆ ಸಿಗುತ್ತದೆ. ಎದುರಿನ ತುದಿಯಿಂದ ಅದರ ಚಿತ್ರಗಳೇ ನನಗೆ ಹೆಚ್ಚು ಹಿಡಿಸಿದವು, ಹಿನ್ನೆಲೆಯ ಗಲಾಟೆಯೆಲ್ಲ ಕರಗಿಹೋಗುತ್ತದೆ. ಕಷ್ಟ ಏನೆಂದರೆ ಅದರಲ್ಲಿ ಜೂಮ್ ಇಲ್ಲ. ಬಟರ್‌ಫ್ಲೈನಲ್ಲಿ ತೋಳು ಪೂರ್ತಿ ಬರಬೇಕಾದರೆ ಈಜುವವರು ಕೊಳದ ನಡುವೆ ಇರುವಾಗಲೇ ಒತ್ತಬೇಕು. ಬ್ಯಾಕ್ ಸ್ಟ್ರೋಕ್‌ನ ಬಾವುಟಗಳು (ಗೋಡೆ ಹತ್ತಿರ ಬಂತು ಅಂತ ತಿಳಿಯಲು ಮೇಲೆ ಕಟ್ಟಿರುವವು) ಗೋಡೆಯಿಂದ 5 ಗಜ ದೂರದಲ್ಲಿರುತ್ತವೆ. ಅಲ್ಲಿಗೆ ಬರುವ ಹೊತ್ತಿಗೆ ಕೈಗಳು ಚೌಕಟ್ಟಿನ ಹೊರಗೆ. ಎಫ್/1.8ರಲ್ಲಿ ಫೋಕಸ್ ಸ್ವಲ್ಪ ಜಾರಿದರೂ ಚಿಮ್ಮಿದ ನೀರು ಸ್ಪಷ್ಟ, ಮುಖ ಮಸುಕು. ಹಾಗಾಗಿ ಎಫ್/2.2ಕ್ಕೆ ಇಡುತ್ತೇನೆ. ಡೆಕ್ ಸಿಕ್ಕರೆ 85, ಸಿಗದಿದ್ದರೆ 70-200. ಎರಡನ್ನೂ ಹೊತ್ತುಕೊಂಡು ಹೋಗುವುದು ಬಿಟ್ಟಿದ್ದೇನೆ.

ಬಾಡಿ ವಿಷಯ ಚಿಕ್ಕದು. ಸ್ನೇಹಿತರ ಫುಲ್‌ಫ್ರೇಮ್ (ದೊಡ್ಡ ಸೆನ್ಸರ್‌ನ) ಆರ್6 ತಂದು ನೋಡಿದೆ. ಐಎಸ್‌ಒ 6400ರಲ್ಲಿ ಅದರ ಚಿತ್ರ ಹೆಚ್ಚು ನಯ, ಅನುಮಾನವೇ ಇಲ್ಲ. ಆದರೆ ಗ್ಯಾಲರಿಯಿಂದ ತೆಗೆದು ಕ್ರಾಪ್ ಮಾಡಿದರೆ 20 ಮೆಗಾಪಿಕ್ಸೆಲ್‌ನಲ್ಲಿ ಉಳಿಯುವುದು ಸ್ವಲ್ಪವೇ. ಲೈಟ್‌ರೂಮ್‌ನಲ್ಲಿ 2023ರಲ್ಲಿ ರವೆ ತೆಗೆಯುವ ಎಐ ಡಿನಾಯ್ಸ್ ಬಂದ ಮೇಲೆ ಆರ್6ರ ಮೇಲುಗೈ ಇನ್ನೂ ಕಡಿಮೆಯಾಯಿತು. ಆ ದುಡ್ಡು ಲೆನ್ಸಿಗೆ ಹೋಗಲಿ.

ಯಾವ ಕ್ಯಾಮೆರಾ ಆದರೂ ಕೆಲವು ಮಾತು ಒಂದೇ. ಫ್ಲಾಶ್ ಬೇಡ. ಸ್ಟಾರ್ಟ್ ಕೊಡುವಾಗ ಶಬ್ದದ ಜೊತೆ ಒಂದು ದೀಪವೂ ಮಿನುಗುತ್ತದೆ, ನಿಮ್ಮ ಫ್ಲಾಶ್ ಅದಕ್ಕೆ ಗೊಂದಲ ತರುತ್ತದೆ. ಅದಕ್ಕೇ ನಿಷೇಧ. ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಚಿತ್ರದಲ್ಲಿ ಅಡ್ಡಪಟ್ಟೆ ಬೀಳಬಹುದು. ಇಲ್ಲಿನ ಕರೆಂಟಿನಲ್ಲಿ ಕೊಳದ ದೀಪ ಸೆಕೆಂಡಿಗೆ 120 ಸಲ, ಭಾರತದಲ್ಲಿ 100 ಸಲ ಮಿನುಗುತ್ತದೆ. ಮೆಕ್ಯಾನಿಕಲ್ ಶಟರ್ ಹಾಕಿ, ಆ್ಯಂಟಿ ಫ್ಲಿಕರ್ ಆನ್ ಮಾಡಿ. ವೈಟ್ ಬ್ಯಾಲೆನ್ಸ್‌ಗೆ (ಬಣ್ಣ ಸರಿಹೊಂದಿಸಲು) ಕೈಯಲ್ಲಿರುವ ಹೀಟ್ ಶೀಟಿನ (ಯಾರು ಯಾವ ಹೀಟ್, ಯಾವ ಲೇನ್ ಅನ್ನುವ ಪಟ್ಟಿಯ) ಬಿಳಿ ಹಾಳೆಯೇ ಸಾಕು. ಚಳಿಯಿಂದ ಒಳಗೆ ಬಂದ ಕೂಡಲೇ ಕ್ಯಾಮೆರಾ ಹೊರತೆಗೆಯಬೇಡಿ, ಲೆನ್ಸ್ ಮೇಲೆ ಮಂಜು ಕೂರುತ್ತದೆ. ವಾರ್ಮ್ ಅಪ್ ಮುಗಿಯುವವರೆಗೆ ಬ್ಯಾಗಿನ ಜಿಪ್ ಹಾಕಿಯೇ ಇರಲಿ.

ಫೋನು? ಆ ಬೆಳಕಿನಲ್ಲಿ ಓಡುವ ನೀರಿನ ಫೋಟೊ ಅದಕ್ಕೆ ಆಗುವುದಿಲ್ಲ. ವಿಡಿಯೊಗೆ ಮಾತ್ರ ನನ್ನ ಕ್ಯಾಮೆರಾಗಿಂತ ಅದೇ ಸಲೀಸು. ಹೆಂಡತಿ ಗ್ಯಾಲರಿಯಿಂದ ವಿಡಿಯೊ ಮಾಡಿ ಮೈಸೂರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾಳೆ. ಒಂದೇ ಬಣ್ಣದ ಟೋಪಿ ಹಾಕಿದ ಎಂಟು ಹುಡುಗಿಯರಲ್ಲಿ ನಮ್ಮ ಪುಟ್ಟಿ ಯಾವುದು ಅಂತ ಅಜ್ಜಿ ಪ್ರತಿ ಸಲ ಕೇಳುತ್ತಿದ್ದರು. ಈಗ ಲೇನ್ ನಂಬರ್ ಬರೆದೇ ಕಳಿಸುತ್ತೇವೆ.