ಸತ್ತ ಮಗನ ದಿನಚರಿಯಲ್ಲಿ ಅಪ್ಪನ ಬರಹ

1869ರ ಅಕ್ಟೋಬರ್. ಸಾಲಗಾರರ ಕಾಟಕ್ಕೆ ರಷ್ಯಾ ಬಿಟ್ಟು ಡ್ರೆಸ್ಡೆನ್‌ನಲ್ಲಿ ನೆಲೆಸಿದ್ದ ರಷ್ಯನ್ ಕಾದಂಬರಿಕಾರ ದಾಸ್ತಯೇವ್‌ಸ್ಕಿ, ಮಲಮಗ ಪಾವೆಲ್ ತೀರಿಕೊಂಡ ಸುದ್ದಿ ತಿಳಿದು, ಹೆಸರು ಮರೆಸಿಕೊಂಡು ಪೀಟರ್ಸ್‌ಬರ್ಗಿಗೆ ಬರುತ್ತಾನೆ. ದಕ್ಷಿಣ ಆಫ್ರಿಕಾ ಮೂಲದ ಲೇಖಕ ಜೆ. ಎಂ. ಕುಟ್ಸೀ ಅವರ ಕಾದಂಬರಿ ‘ದ ಮಾಸ್ಟರ್ ಆಫ್ ಪೀಟರ್ಸ್‌ಬರ್ಗ್’ (1994) ಶುರುವಾಗುವುದು ಹೀಗೆ. ಚರಿತ್ರೆಯಲ್ಲಿ ಇದು ನಡೆದದ್ದಲ್ಲ. ನಿಜವಾದ ಪಾವೆಲ್ ಮಲತಂದೆ ಸತ್ತ ಮೇಲೂ ಬದುಕಿದ್ದ. ಮಗನನ್ನು ಕಳೆದುಕೊಂಡವರು ಕುಟ್ಸೀ. 1989ರಲ್ಲಿ ಅವರ ಮಗ ಕಟ್ಟಡದಿಂದ ಬಿದ್ದು ಸತ್ತಿದ್ದ. ಕಾದಂಬರಿಯ ಪಾವೆಲ್ ಸಾಯುವುದೂ ಎತ್ತರದಿಂದ ಬಿದ್ದೇ.

1869ರ ನವೆಂಬರಿನಲ್ಲಿ ಕ್ರಾಂತಿಕಾರಿ ನೆಚಾಯೆವ್‌ನ ಗುಂಪು ತನ್ನದೇ ಸದಸ್ಯನಾಗಿದ್ದ ಇವಾನೋವ್ ಎಂಬ ವಿದ್ಯಾರ್ಥಿಯನ್ನು ಮಾಸ್ಕೋದಲ್ಲಿ ಕೊಂದಿತು. ದಾಸ್ತಯೇವ್‌ಸ್ಕಿಯ ‘ಡೆಮನ್ಸ್’ ಕಾದಂಬರಿಗೆ ಆ ಕೊಲೆಯೇ ಪ್ರೇರಣೆ ಎಂಬುದು ಎಲ್ಲರೂ ಬಲ್ಲ ಮಾತು. ಕುಟ್ಸೀಗೆ ಅಷ್ಟು ಸಾಲದು. ತನ್ನ ದುಃಖವನ್ನೇ ಸರಕು ಮಾಡಿಕೊಳ್ಳುವ, ಸತ್ತವನಿಗೂ ದ್ರೋಹ ಬಗೆಯಲು ಹಿಂಜರಿಯದ ಒಂದು ಹಸಿವಿನಿಂದ ಆ ಕೃತಿ ಹುಟ್ಟಿತೆಂದು ಅವರು ಕಲ್ಪಿಸುತ್ತಾರೆ. ಮಗನಿದ್ದ ಬಾಡಿಗೆ ಕೋಣೆಯಲ್ಲೇ ಉಳಿದುಕೊಳ್ಳುವ ತಂದೆ, ಅವನ ಬಿಳಿ ಸೂಟಿನಲ್ಲಿ ಮುಖ ಹುದುಗಿಸಿ ಮೈವಾಸನೆ ಹುಡುಕುತ್ತಾನೆ. ಒಂದು ರಾತ್ರಿ ಮಗನೇ ಕರೆದಂತಾಗಿ ಎದ್ದು ಹೊರಗೆ ಹೋದರೆ, ಅಲ್ಲಿರುವುದು ಸರಪಳಿಗೆ ಸಿಕ್ಕಿಕೊಂಡು ಊಳಿಡುತ್ತಿರುವ ನಾಯಿ. ಅದನ್ನು ಅಲ್ಲೇ ಬಿಟ್ಟು ಹಿಂದಿರುಗುವಾಗ, ಬಾರದವನ ಕರೆಗೆ ಕಿವಿಗೊಡುವವನು ಬಂದ ಕರೆಗೂ ಓಗೊಡಬೇಕಲ್ಲವೇ ಎಂಬ ಅಳುಕು ಅವನನ್ನು ಬಿಡುವುದಿಲ್ಲ. ವರ್ತಮಾನ ಕಾಲದಲ್ಲಿ, ಒಂದು ಪದವೂ ಹೆಚ್ಚಾಗದಂತೆ ಬರೆದ ಈ ಪುಟಗಳನ್ನು ನಾನು ಎರಡು ಸಲ ಓದಿದೆ.

ನೆಚಾಯೆವ್ ಪ್ರವೇಶಿಸಿದ ಮೇಲೆ ಈ ಬಿಗಿ ಸಡಿಲುತ್ತದೆ. ಹೆಣ್ಣುವೇಷದಲ್ಲಿ ತಲೆಮರೆಸಿಕೊಂಡು ತಿರುಗುವ ಅವನ ಚಿತ್ರ ಸೊಗಸಾಗಿದೆ, ಆದರೆ ಇಬ್ಬರೂ ವಾದಕ್ಕೆ ಕುಳಿತರೆ ಪಾತ್ರಗಳು ಮರೆಯಾಗಿ ಬರೀ ವಿಚಾರಗಳೇ ಮಾತಾಡುತ್ತವೆ. ಮನೆಯೊಡತಿಯೊಂದಿಗಿನ ಸಂಬಂಧವೂ ನನಗೆ ಪೂರ್ತಿ ನಂಬಿಕೆ ಹುಟ್ಟಿಸಲಿಲ್ಲ.

ಕೊನೆಯ ಅಧ್ಯಾಯ ಮಾತ್ರ ನಿಜಕ್ಕೂ ಭಯಾನಕ. ಮಗನ ದಿನಚರಿಯ ಖಾಲಿ ಹಾಳೆಗಳಲ್ಲಿ ದಾಸ್ತಯೇವ್‌ಸ್ಕಿ ಕೊಳಕು ಪ್ರಸಂಗವೊಂದನ್ನು ಬರೆದು, ಪಾವೆಲ್‌ನನ್ನು ಹಚ್ಚಿಕೊಂಡಿದ್ದ ಮನೆಯೊಡತಿಯ ಪುಟ್ಟ ಮಗಳ ಕಣ್ಣಿಗೆ ಬೀಳಲೆಂದೇ ತೆರೆದಿಟ್ಟು ಹೋಗುತ್ತಾನೆ. ‘ಡೆಮನ್ಸ್’ನಿಂದ ಸಂಪಾದಕರು ಕೈಬಿಟ್ಟಿದ್ದ, 1922ರಲ್ಲಷ್ಟೇ ಬೆಳಕು ಕಂಡ, ಮಾತ್ರಿಯೋಶಾ ಎಂಬ ಬಾಲಕಿಯನ್ನು ಕೆಡಿಸಿದ್ದನ್ನು ಹೇಳಿಕೊಳ್ಳುವ ಆ ಕಾದಂಬರಿಯ ನಾಯಕ ಸ್ತವ್ರೋಗಿನ್‌ನ ತಪ್ಪೊಪ್ಪಿಗೆಯನ್ನು ಮೊದಲು ಓದಿಕೊಂಡು ಈ ಪುಸ್ತಕಕ್ಕೆ ಬರುವುದು ಒಳ್ಳೆಯದು. ಹಾಗೆ ಬಂದವರಿಗೆ, ಆ ಹುಡುಗಿಯ ಹೆಸರು ಮಾತ್ರಿಯೋನಾ ಎಂದು ತಿಳಿದಾಗಲೇ ಕೈ ನಡುಗುತ್ತದೆ.