ಬೀಗ ಬೀರುವಿಗೋ, ಕಾಗದಕ್ಕೋ? ಫೋನಿನಲ್ಲಿ ದಾಖಲೆ ಕಾಯುವ ಬಗೆಗಳ ಹೋಲಿಕೆ

ಜಮೀನಿನ ಪೋಡಿ ಕೆಲಸಕ್ಕೆಂದು ಕಚೇರಿ ಅಲೆಯುತ್ತಿದ್ದ ದಿನಗಳಲ್ಲಿ ಪಹಣಿ, ಕ್ರಯಪತ್ರದ ಸ್ಕ್ಯಾನ್, ಆಧಾರ್, ಪ್ಯಾನ್ ಎಲ್ಲವೂ ನನ್ನ ಫೋನಿನ ಡೌನ್‌ಲೋಡ್ ಫೋಲ್ಡರಿನಲ್ಲಿ ಲಗ್ನಪತ್ರಿಕೆಗಳ ಜೊತೆಗೇ ಬಿದ್ದಿದ್ದವು. ಒಂದು ಮಧ್ಯಾಹ್ನ ಜೆರಾಕ್ಸ್ ಅಂಗಡಿಯಲ್ಲಿ ನನ್ನ ಸರದಿಗಾಗಿ ಕಾಯುತ್ತಿದ್ದಾಗ, ಅಲ್ಲಿನ ಕಂಪ್ಯೂಟರಿನ ಪರದೆಯ ಮೇಲೆ ಆಗಲೇ ಹೊರಟುಹೋಗಿದ್ದ ಯಾರದೋ ಆಧಾರ್ ಪ್ರತಿ ಇನ್ನೂ ತೆರೆದೇ ಇರುವುದನ್ನು ಕಂಡೆ. ಅಂದಿನಿಂದ ಸುಮಾರು ಒಂದೂವರೆ ತಿಂಗಳು ಇದೇ ದಾಖಲೆಗಳನ್ನು ಬೇರೆ ಬೇರೆ ಬಗೆಯಲ್ಲಿ ಬೀಗ ಹಾಕಿ ಬಳಸಿ ನೋಡಿದ್ದೇನೆ.

ಮೊದಲು ಹಿಡಿದದ್ದು ಫೈಲ್ಸ್ ಬೈ ಗೂಗಲ್ ಆ್ಯಪ್‌ನಲ್ಲಿ 2020ರಿಂದ ಇರುವ ಸೇಫ್ ಫೋಲ್ಡರ್. ನಾಲ್ಕು ಅಂಕಿಯ ಪಿನ್ ಅಥವಾ ಪ್ಯಾಟರ್ನ್ ಇಟ್ಟು ಫೈಲುಗಳನ್ನು ಒಳಗೆ ಸಾಗಿಸಿದರೆ ಅವು ಗ್ಯಾಲರಿಯಲ್ಲಾಗಲಿ ಬೇರೆ ಆ್ಯಪ್‌ಗಳಲ್ಲಾಗಲಿ ಕಾಣುವುದಿಲ್ಲ. ಮನೆಯ ಮಕ್ಕಳ ಕೈಗೆ ಫೋನ್ ಕೊಡುವವರಿಗೆ ಇಷ್ಟು ಧಾರಾಳವಾಗಿ ಸಾಕು. ಆದರೆ ಒಳಗಿರುವುದನ್ನು ಯಾರಿಗಾದರೂ ಕಳುಹಿಸಬೇಕೆಂದರೆ ಮೊದಲು ಹೊರಗೆ ತರಬೇಕು. ನಾನು ಕ್ರಯಪತ್ರವನ್ನು ಹಾಗೆ ಹೊರತಂದು ಕಳುಹಿಸಿ, ಮತ್ತೆ ಒಳಗಿಡಲು ಮರೆತು, ಒಂಬತ್ತು ದಿನಗಳ ಮೇಲೆ ಗಮನಿಸಿದೆ. ಪಿನ್ ಮರೆತರೆ ಫೈಲುಗಳು ಕೈತಪ್ಪಿದಂತೆಯೇ ಎಂಬುದರಿಂದ, ಮತ್ತೊಂದು ಪ್ರತಿ ಬೇರೆಡೆ ಇಲ್ಲದೆ ಇದನ್ನು ನಂಬುವುದು ಸರಿಯಲ್ಲ.

ಅಕ್ಕನ ಸ್ಯಾಮ್‌ಸಂಗ್ ಫೋನಿನಲ್ಲಿರುವ ಸೆಕ್ಯೂರ್ ಫೋಲ್ಡರ್ ಇದಕ್ಕಿಂತ ಒಂದು ಕೈ ಮೇಲು. ಅದು ಫೋನಿನೊಳಗಿನ ಇನ್ನೊಂದು ಫೋನಿನಂತೆ: ಅದಕ್ಕೆ ತನ್ನದೇ ಆ್ಯಪ್‌ಗಳು, ತನ್ನದೇ ಗ್ಯಾಲರಿ, ಬೆರಳಚ್ಚಿನಿಂದ ತೆರೆಯುತ್ತದೆ, ಬೇಕಿದ್ದರೆ ಐಕಾನ್ ಸಹ ಮರೆಮಾಡಬಹುದು. ಬೇರೆ ಕಂಪನಿಯ ಫೋನ್ ಇರುವ ನನಗೆ ಅದು ದಕ್ಕದು, ಅಷ್ಟೇ.

ಈ ಎರಡೂ ಬೀರುವಿಗೆ ಹಾಕುವ ಬೀಗಗಳು. ಕಾಗದ ಬೀರುವಿನಿಂದ ಹೊರಬಂದ ಕ್ಷಣಕ್ಕೆ ಅವುಗಳ ಕಾವಲು ಮುಗಿಯುತ್ತದೆ. ನಮ್ಮ ದಾಖಲೆಗಳ ಪಾಡೋ, ಫೋನಿನಲ್ಲಿ ಕುಳಿತಿರುವುದಕ್ಕಿಂತ ವಕೀಲರಿಗೆ, ತಮ್ಮನಿಗೆ, ಅಂಗಡಿಗೆ ಹೋಗುವುದೇ ಹೆಚ್ಚು. ಆದ್ದರಿಂದ ಪಿಡಿಎಫ್‌ಗೇ ಪಾಸ್‌ವರ್ಡ್ ಹಾಕುವ ಬಗೆಯನ್ನು ನಾನು ಹೆಚ್ಚು ದಿನ ಪರೀಕ್ಷಿಸಿದೆ. ಐಫೋನ್‌ನಲ್ಲಿ ಇದಕ್ಕೆ ಹೊರಗಿನ ಆ್ಯಪ್ ಬೇಕಿಲ್ಲ; ನನ್ನ ಆಂಡ್ರಾಯ್ಡ್‌ನಲ್ಲಿ ಪಿಡಿಎಫ್ ಆ್ಯಪ್ ಒಂದನ್ನು ಹಾಕಿಕೊಳ್ಳಬೇಕಾಯಿತು. ಪಿಡಿಎಫ್ ಅನ್ನು ಅಪ್‌ಲೋಡ್ ಮಾಡಿಸಿಕೊಂಡು ಬೀಗ ಹಾಕಿಕೊಡುವ ಜಾಲತಾಣಗಳ ಗೊಡವೆಗೆ ಹೋಗಲಿಲ್ಲ. ಗುಟ್ಟು ಕಾಯಲು ಹೊರಟವರು ಅದನ್ನು ಮೊದಲು ಅಪರಿಚಿತರ ಕೈಗಿಡುವುದು ಯಾವ ನ್ಯಾಯ?

ಇಲ್ಲಿ ಪಾಸ್‌ವರ್ಡಿನ ಗಟ್ಟಿತನವೇ ಸರ್ವಸ್ವ. ಫೋನಿನ ಪಿನ್ ಅನ್ನು ನಾಲ್ಕಾರು ಬಾರಿ ತಪ್ಪಾಗಿ ಒತ್ತಿದರೆ ಫೋನೇ ತಡೆಯುತ್ತದೆ. ಆದರೆ ಪಿಡಿಎಫ್ ಒಮ್ಮೆ ಬೇರೊಬ್ಬರ ಕಂಪ್ಯೂಟರ್ ಸೇರಿದರೆ ಅಲ್ಲಿ ಎಷ್ಟು ಬಾರಿ ಬೇಕಾದರೂ ಊಹಿಸಿ ನೋಡಬಹುದು, ಕೇಳುವವರಿಲ್ಲ. ಜನ್ಮದಿನಾಂಕವನ್ನೇ ಪಾಸ್‌ವರ್ಡ್ ಮಾಡಿದರೆ, ನೂರು ವರ್ಷಗಳ ದಿನಾಂಕಗಳೆಲ್ಲ ಸೇರಿದರೂ ಸುಮಾರು 36,500 ಆಯ್ಕೆಗಳಷ್ಟೇ. ಕಂಪ್ಯೂಟರಿಗೆ ಅದು ಲೆಕ್ಕಕ್ಕೇ ಅಲ್ಲ. ಇ-ಆಧಾರ್‌ನ ಪಾಸ್‌ವರ್ಡ್ ಅಂತೂ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ಇಸವಿ ಎಂಬುದು ಊರಿಗೆಲ್ಲ ಗೊತ್ತು. ನಾನು ಪರಸ್ಪರ ಸಂಬಂಧವಿಲ್ಲದ ನಾಲ್ಕು ಪದಗಳನ್ನು ಜೋಡಿಸಿದೆ, ಅದನ್ನು ತಮ್ಮನಿಗೆ ಫೋನ್ ಮಾಡಿ ಹೇಳಿದೆ; ಫೈಲ್ ಹೋದ ಚಾಟ್‌ನಲ್ಲೇ ಪಾಸ್‌ವರ್ಡನ್ನೂ ಬರೆಯುವುದು ಬೀಗದ ಮೇಲೆ ಬೀಗದ ಕೈ ನೇತುಹಾಕಿದಂತೆ.

ಇನ್ನೊಂದು ತಪ್ಪು ತಡವಾಗಿ ಕಣ್ಣಿಗೆ ಬಿತ್ತು. ನನ್ನ ಪಿಡಿಎಫ್ ಆ್ಯಪ್‌ನಲ್ಲಿ ಬೀಗ ಹಾಕಿದ ಪ್ರತಿ ಹೊಸದಾಗಿ ತಯಾರಾಗುತ್ತದೆಯೇ ಹೊರತು ಮೂಲ ಫೈಲ್ ತೆರೆದಂತೆಯೇ ಉಳಿಯುತ್ತದೆ; ಅದನ್ನು ಅಳಿಸಿದರೂ ಅನುಪಯುಕ್ತದ ಬುಟ್ಟಿಯಲ್ಲಿ ಕೆಲಕಾಲ ಇರುತ್ತದೆ. ಹಿಂದೆ ಕಳುಹಿಸಿದ್ದರ ಇನ್ನೊಂದು ಪ್ರತಿ ವಾಟ್ಸ್ಆ್ಯಪ್‌ನ ಫೋಲ್ಡರಿನಲ್ಲೂ ಸಿಕ್ಕಿತು.

ಅಜ್ಜನ ಕಾಲದ ಕಾಗದಗಳ ಫೋಟೊಗಳು ಮೂವತ್ತಕ್ಕೂ ಹೆಚ್ಚು ಇದ್ದುದರಿಂದ ಅವನ್ನು ಹಲವು ಫೈಲುಗಳನ್ನು ಒಂದೇ ಫೈಲಾಗಿಸುವ ಝಡ್‌ಆರ್ಕೈವರ್ ಎಂಬ ಆ್ಯಪ್‌ನಲ್ಲಿ 7ಝಡ್ ಎಂಬ ಬಗೆಯ ಗಂಟಾಗಿ ಕಟ್ಟಿದೆ. ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡುವ ಎಇಎಸ್-256 ಎಂಬ ಗಟ್ಟಿ ಗೂಢಲಿಪೀಕರಣದ ಜೊತೆಗೆ ಫೈಲುಗಳ ಹೆಸರನ್ನೂ ಮುಚ್ಚುವ ಆಯ್ಕೆ ಅದರಲ್ಲಿದೆ. ಭದ್ರತೆಯಲ್ಲಿ ಇದಕ್ಕೇ ನನ್ನ ಮೊದಲ ಅಂಕ. ಬಳಕೆಯಲ್ಲಿ ಕೊನೆಯದು: "ಅಣ್ಣಾ, ಇದು ತೆರೆಯೋದೇ ಇಲ್ಲವಲ್ಲ" ಎಂದು ತಮ್ಮ ಎರಡು ಬಾರಿ ಫೋನ್ ಮಾಡಿದ.

ಹೀಗಾಗಿ ಹಳೆಯ ಕಾಗದಗಳ ಗಂಟು ಮನೆಯ ಪೆನ್‌ಡ್ರೈವ್‌ನಲ್ಲಿದೆ, ದಿನಬಳಕೆಯವು ಸೇಫ್ ಫೋಲ್ಡರಿನಲ್ಲಿವೆ, ಹೊರಗೆ ಹೋಗುವುದೆಲ್ಲ ಪಾಸ್‌ವರ್ಡ್ ಹಾಕಿದ ಪಿಡಿಎಫ್ ಆಗಿ ಹೋಗುತ್ತದೆ. ಬೀಗ ಹಾಕಿದ ಫೈಲನ್ನು ಅರ್ಜಿಯ ಜಾಲತಾಣವೊಂದು ತೆಗೆದುಕೊಳ್ಳಲಿಲ್ಲ; ಅಲ್ಲಿಗೆ ಮಾತ್ರ ತೆರೆದ ಪ್ರತಿ ಕೊಟ್ಟೆ. ಜೆರಾಕ್ಸ್ ಅಂಗಡಿಯಲ್ಲಿ ಈಗ ಕೀಲಿಮಣೆಯನ್ನು ನನ್ನ ಕಡೆಗೆ ತಿರುಗಿಸಿಕೊಂಡು ಪಾಸ್‌ವರ್ಡನ್ನು ನಾನೇ ಒತ್ತಿ, ಪ್ರಿಂಟ್ ಬಂದ ಮೇಲೆ ಕಿಟಕಿ ಮುಚ್ಚಿಸಿ ಹೊರಡುತ್ತೇನೆ; ಅಂಗಡಿಯ ಹುಡುಗ ಮೊದಮೊದಲು ನಗುತ್ತಿದ್ದ, ಈಗ ನನ್ನನ್ನು ಕಂಡೊಡನೆ ಕೀಲಿಮಣೆಯನ್ನು ತಾನೇ ಮುಂದಕ್ಕೆ ತಳ್ಳುತ್ತಾನೆ.